ಹೊಸ ಹಲ್ಲಿನ ಗಟ್ಟಿಮೇಳ

ತೈ ತಿಂಗಳು ಹದಿನಾಲ್ಕು, ಬುಧವಾರ. ಕುಂಭಕೋಣಂ.

ಒಸಡು ಇನ್ನೂ ಉರಿಯುತ್ತಿದೆ. ಹಲ್ಲಿನ ಸೆಟ್ಟನ್ನು ನೀರಿನ ಲೋಟಕ್ಕೆ ಹಾಕಿ, ಅದರ ಮುಖ ನೋಡಲಾಗದೆ ಮೇಲೆ ತಟ್ಟೆ ಮುಚ್ಚಿದ್ದೇನೆ.

ಕಟ್ಟಿಸಿಕೊಂಡ ದಿನ ಡಾಕ್ಟರಮ್ಮ, "ಇನ್ನು ಮುರುಕು ಕೂಡ ಕಡೀಬಹುದು ತಾತ" ಅಂದಿದ್ದಳು. ಮುರುಕು ಯಾರಿಗೆ ಬೇಕಿತ್ತು? ನಾಗಸ್ವರದ ತುದಿಗೆ ಸಿಕ್ಕಿಸಿ ಊದುವ ಸೀವಾಳಿಯನ್ನು ತುಟಿ ಬಿಗಿಯಾಗಿ ಹಿಡಿಯಬೇಕಾದರೆ ಹಿಂದೆ ಹಲ್ಲು ಅಲುಗಾಡದೆ ನಿಲ್ಲಬೇಕು. ಊದಿದರೆ ಈ ಸೆಟ್ಟು ಕಿತ್ತೇಳುತ್ತದೆ.

ಇವತ್ತಿನ ಮದುವೆಯಲ್ಲಿ ವರ ತಾಳಿ ಎತ್ತಿಕೊಂಡ. ಪುರೋಹಿತರು ನಮ್ಮ ಕಡೆ ಬೆರಳಾಡಿಸಿ, "ಗಟ್ಟಿಮೇಳ, ಗಟ್ಟಿಮೇಳ" ಅಂದರು. ಇದ್ದ ಉಸಿರೆಲ್ಲ ಹಾಕಿ ಊದಿದೆ. ಮೇಲಿನ ಸೆಟ್ಟು ಕಳಚಿ ನಾಲಿಗೆ ಮೇಲೆ ಬಿತ್ತು. ಬರೀ ಗಾಳಿ ಬಂತು. ತವಿಲು ಬಾರಿಸುವ ನನ್ನ ಭಾವಮೈದ ಮುರುಗಯ್ಯನ್ ನನ್ನ ಮುಖ ನೋಡಿದವನೇ ಎರಡು ಕೈಯಲ್ಲೂ ಚಚ್ಚಿ ಮುಚ್ಚಿಹಾಕಿದ. ತಾಳಿ ಕಟ್ಟಿ ಮುಗಿಯುವ ತನಕ ನಾನು ಸುಮ್ಮನೆ ಕೆನ್ನೆ ಉಬ್ಬಿಸಿಕೊಂಡು ಬೆರಳಾಡಿಸುತ್ತ ಕೂತಿದ್ದೆ.

"ಬಿಡು ಭಾವ, ಒಬ್ರಿಗೂ ಗೊತ್ತಾಗ್ಲಿಲ್ಲ" ಅಂದ, ಊಟಕ್ಕೆ ಕೂತಾಗ. ಸಮಾಧಾನಕ್ಕೇ ಅಂದದ್ದು, ಪಾಪ. ಆದರೆ ಅದೇ ಎದೆಯಲ್ಲಿ ಕೂತುಬಿಟ್ಟಿದೆ. ನಿಜವಾಗಿಯೂ ಒಬ್ಬರಿಗೂ ಗೊತ್ತಾಗಿರಲಿಲ್ಲ.

ಹೊರಡುವಾಗ ಹುಡುಗಿಯ ಅಪ್ಪ ತಾಂಬೂಲ ಕೊಟ್ಟು, "ಗಟ್ಟಿಮೇಳ ಅಂದ್ರೆ ನಿಮ್ದೇ ವಿದ್ವಾನ್ರೇ" ಅಂದರು. ಕೈಮುಗಿದು ನಕ್ಕೆ.

ನಗುವುದಕ್ಕೆ ಹಲ್ಲು ಚೆನ್ನಾಗಿಯೇ ಕೂತಿತ್ತು.