ಮಾವನವರ ಕಟ್ಟೆ

ಮಾರ್ಚ್ ೧೦, ಭಾನುವಾರ

ಹಿತ್ತಲ ಬಾಗಿಲ ಒಗೆಯುವ ಕಟ್ಟೆ ಇವತ್ತೂ ಒಡೆಯಲಿಲ್ಲ. ಗಾರೆ ಕೆಲಸದವನು ಮಧ್ಯಾಹ್ನದವರೆಗೆ ಡ್ರಿಲ್ ಹಿಡಿದು ಗುದ್ದಾಡಿ, "ಅಕ್ಕಾ, ಬೇಕಾದ್ರೆ ಮನೇನೇ ಕೆಡವಿ ಕೊಡ್ತೀನಿ, ಇದು ಮಾತ್ರ ನನ್ನ ಕೈಲಾಗಲ್ಲ" ಎಂದು ಕೈಚೆಲ್ಲಿದ.

ಮಾವನವರ ಮುಖ ನೋಡಬೇಕಿತ್ತು! ಅಣೆಕಟ್ಟಿಗೆ ಕಾಂಕ್ರೀಟ್ ಸುರಿದೇ ನಿವೃತ್ತರಾದವರು. ಈ ಕಟ್ಟೆಯನ್ನೂ ಅದೇ ಧಾಟಿಯಲ್ಲಿ, ಒಳಗೆಲ್ಲೂ ಟೊಳ್ಳಿಲ್ಲದಂತೆ ಸೊಂಟದೆತ್ತರ ಸುರಿದಿದ್ದಾರೆ. ಇಳಿಜಾರು ಮಾತ್ರ ಉಲ್ಟಾ. ಒಗೆದ ನೀರೆಲ್ಲ ಅಡುಗೆಮನೆಗೇ ಬರುತ್ತದೆ, ಅತ್ತೆ ಅಂದಿನಿಂದ ಒರೆಸುತ್ತಲೇ ಇದ್ದಾರೆ.

ನಾನು ಸೇತುವೆಗಳ ಎಂಜಿನಿಯರ್. ಊಟಕ್ಕೆ ಕೂತಾಗ ಮಾವ ಬೇಕಂತಲೇ ಕೆಣಕಿದರು.

"ನಿನ್ನ ಸೇತುವೆ ಎಷ್ಟು ವರ್ಷ ಇರತ್ತಮ್ಮ?"

"ನೂರು ವರ್ಷ ಇದ್ರೆ ಪುಣ್ಯ, ಮಾವ. ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯತ್ತಲ್ಲ."

"ನನ್ನ ಅಣೆಕಟ್ಟಲ್ಲೂ ಕಟ್ಟೇಲೂ ಕಬ್ಬಿಣಾನೇ ಇಲ್ಲ. ಬರೀ ದಪ್ಪ. ಐನೂರು ವರ್ಷ ಅಲ್ಲಾಡಲ್ಲ ನೋಡು."

ಇದ್ದರೂ ಇದ್ದೀತು. ಒಪ್ಪಿಕೊಳ್ಳಲು ನನಗೆ ಹೊಟ್ಟೆಯುರಿ, ಅಷ್ಟೆ.

ಅತ್ತೆ ತಟ್ಟೆಯಿಂದ ತಲೆ ಎತ್ತದೆ ಕೇಳಿದರು: "ಐನೂರು ವರ್ಷ ನೀರು ಒರೆಸೋರು ಯಾರು?"



ಸಂಜೆ ಬಟ್ಟೆ ಒಗೆದು ಒಳಗೆ ಬಂದರೆ, ಮಾವ ಅಡುಗೆಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ನೆಲ ಒರೆಸುತ್ತಿದ್ದಾರೆ! ಅತ್ತೆ ಬಾಗಿಲಿಗೆ ಒರಗಿ ನಿಂತು, "ಮೂಲೇಲಿ ಇನ್ನೂ ನೀರಿದೆ ನೋಡಿ" ಎನ್ನುತ್ತಿದ್ದರು.

ನಾಳೆ ದೊಡ್ಡ ಡ್ರಿಲ್ ತರಿಸೋಣವೇ ಎಂದು ಅತ್ತೆಯನ್ನು ಮೆಲ್ಲಗೆ ಕೇಳಿದೆ.

"ಬೇಡ, ಇರಲಿ ಬಿಡು" ಎಂದರು. "ಈಗ ತಾನೇ ಕಲೀತಿದ್ದಾರೆ."