ಮಂಡಿಯೂರಿದವಳು ಏಳುವಾಗ

ಲುಬ್ವಾಮ,

ಮಟೋಕೆ ಬಾಳೆಕಾಯಿ ಎಲೆಯಲ್ಲಿ ಸುತ್ತಿ ಬೇಯುತ್ತಿದೆ, ಈಗಲೇ ಬಿಚ್ಚಬೇಡ. ಬಾಗಿಲ ಬಳಿಯ ಕುರ್ಚಿ ಸರಿಸಬೇಡ. ತಲೆ ಸುತ್ತಿದಾಗ ನನ್ನ ಕೈಗೆ ಸಿಗುವುದು ಅದೊಂದೇ.

ನಿನ್ನೆ ನಿನ್ನ ಸೋದರತ್ತೆಗೆ ಮಂಡಿಯೂರಿ ನಮಸ್ಕರಿಸಿ ಏಳುವಾಗ ನೆಲವೇ ಗಿರ್ರನೆ ತಿರುಗಿ ಅವರ ಮಡಿಲಿಗೇ ಬಿದ್ದೆ. "ಬೆಳಬೆಳಿಗ್ಗೇನೇ ಕುಡಿದಿದಾಳೇನೋ ನಿನ್ನ ಹೆಂಡ್ತಿ?" ಅಂದರು. ಆರು ವರ್ಷದಿಂದ ನನ್ನ ಕಾಯಿಲೆ ನೋಡಿರುವ ನೀನು ಹಲ್ಲು ಕಿರಿದೆ. ಥೂ! ತಲೆಸುತ್ತಿಗೂ ನನಗೆ ಅಷ್ಟು ವಾಕರಿಕೆ ಬಂದಿರಲಿಲ್ಲ.

ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ಬೈಕ್ ಹತ್ತಲಾರೆ, ಬೇಲಿ ಹಿಡಿದುಕೊಂಡು ನಡೆದೇ ಹೋಗುತ್ತೇನೆ.

ಮಧ್ಯಾಹ್ನ ನಿನ್ನ ಸೋದರತ್ತೆ ಊಟಕ್ಕೆ ಬರುತ್ತಾರೆ. ನನ್ನ ಬದಲು ನೀನೇ ಮಂಡಿಯೂರು. ಗಂಡಸು ಮಂಡಿಯೂರುವುದುಂಟೇ ಎಂದು ಕೇಳಿದರೆ, ಕುಡಿದಿದ್ದೇನೆ ಎನ್ನು. ಅದನ್ನಾದರೆ ಅವರು ಬೇಗ ನಂಬುತ್ತಾರೆ.

ನಕಿಮೇರ