ರೊಟ್ಟಿ ಬಡಿಯುವವಳ ರಜಾ ಅರ್ಜಿ

ಓಝರ್, ನಾಶಿಕ ಜಿಲ್ಲೆ
ದಿನಾಂಕ: ೧೨ ಜನವರಿ ೨೦೨೫

ಸೌಭಾಗ್ಯವತಿ ಗುಣವತಿಗೆ, ನಿನ್ನ ಪತಿ ರೇವಣಪ್ಪನ ಆಶೀರ್ವಾದಪೂರ್ವಕ ನಿವೇದನೆ.

ವಿಷಯ: ಹನುಮವ್ವಳನ್ನು ಹಿಂದಕ್ಕೆ ಕಳುಹಿಸಿಕೊಡುವ ಬಗ್ಗೆ.

೧. ಅರ್ಜಿದಾರ: ರೇವಣಪ್ಪ, ವಯಸ್ಸು ಎಪ್ಪತ್ತೊಂದು, ವಿಜಯಪುರದ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಅರ್ಜಿಗಳ ನಕಲು ತೆಗೆದವನು, ಹಾಲಿ ಓಝರಿನಲ್ಲಿ ಖಾನಾವಳಿಯ ಮಾಲೀಕ.
೨. ಎದುರುದಾರಳು: ಗುಣವತಿ, ಅರ್ಜಿದಾರನ ಧರ್ಮಪತ್ನಿ, ಏಳು ತಿಂಗಳಿಂದ ಛತ್ರಪತಿ ಸಂಭಾಜಿನಗರದಲ್ಲಿ ಬೇರೆ ವಾಸ ಮತ್ತು ಬೇರೆ ಖಾನಾವಳಿ.
೩. ಹನುಮವ್ವ: ಹದಿನಾಲ್ಕು ವರ್ಷ ನಮ್ಮಲ್ಲಿ ರೊಟ್ಟಿ ಬಡಿದು, ಈಗ ಎದುರುದಾರಳಲ್ಲಿ ಬಡಿಯುತ್ತಿರುವವಳು.
೪. ಅವಳು ಬಾರದಿದ್ದರೆ ಈ ತಿಂಗಳ ಕೊನೆಗೆ ಓಝರಿನ ಖಾನಾವಳಿ ಮುಚ್ಚತಕ್ಕದ್ದು.

ಮೇಲ್ಕಂಡ ವಿವರಗಳಲ್ಲಿ ಉತ್ಪ್ರೇಕ್ಷೆಯಿಲ್ಲ. ವಿಮಾನ ಕಾರ್ಖಾನೆಯ ನಮ್ಮ ಕಡೆಯ ಎಂಜಿನಿಯರುಗಳು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟಿದ್ದಾರೆ. ಹೊಸಬಳ ರೊಟ್ಟಿ ಅಂಚಿನಲ್ಲಿ ಒಡೆಯುತ್ತದೆ. ನಿನ್ನ ಊರಿಗೆ ಕೆಲಸಕ್ಕೆ ಬಂದು ನಿನ್ನಲ್ಲಿ ಉಂಡು ಹೋದ ಗೌಂಡಿ ಸಾಯಬಣ್ಣ, ಹತ್ತು ಜನರೆದುರು ನನಗೆ ಹೇಳಿದ: "ಅಕ್ಕಾರ ಖಾನಾವಳ್ಯಾಗ ಕೆಲಸದವ್ರು ಮೊದಲ ಉಣ್ತಾರ್ರೀ, ಗಿರಾಕಿ ಆಮ್ಯಾಲೆ. ರಜಾ ಬೇಕಂದ್ರ ಬಾಯಿಲೇ ಕೇಳೂದು. 'ಹೋಗಿ ಬಾರವ್ವ' ಅಂತಾರ, ಮುಗೀತು. ಇಲ್ಲಿ ಹಂಗಲ್ಲ ಬಿಡ್ರಿ, ಇದು ಕಚೇರಿ!" ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಬಾಯಿಮಾತಿಗೆ ಸಾಕ್ಷಿಯಿಲ್ಲವೆಂದು ಕಲಿತವನು ನಾನು. ಆದ್ದರಿಂದಲೇ ರಜೆಗೆ ಲಿಖಿತ ಅರ್ಜಿ ಎಂಬ ನಿಯಮ ಮಾಡಿದೆ. ಅಡುಗೆಮನೆಯ ಕೆಲಸದವರಾರಿಗೂ ಬರೆಯಲು ಬಾರದೆಂದು ಅವರೆಲ್ಲರ ಅರ್ಜಿಗಳನ್ನು ನಾನೇ ಬರೆದುಕೊಟ್ಟೆ. ಇದು ಉಪಕಾರವಲ್ಲದೆ ಮತ್ತೇನು? ನಾನು ಬರೆದ ಒಂದು ಕಾಗದದಲ್ಲಿಯೂ ಹೊಡೆದುಹಾಕಿದ ಅಕ್ಷರವಿಲ್ಲ.

ವೈಜಾಪುರದಲ್ಲಿ ತನ್ನ ಮಗಳು ಅಶ್ವಿನಿಗೆ ಹೆರಿಗೆ ಬೇನೆ ಕಾಣಿಸಿಕೊಂಡಿದೆ ಎಂದು ಹನುಮವ್ವ ಆ ಸಂಜೆ ಬಂದಾಗಲೂ ಅರ್ಜಿ ಬರೆದುಕೊಟ್ಟೆ. ಗಟ್ಟಿಯಾಗಿ ಓದಿಯೂ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಎಷ್ಟ್ ಚಂದ ಬರದೀರಿ ಸಾವ್ಕಾರ್ರ, ನನ್ನ ಹೊಟ್ಟ್ಯಾಗಿನದ್ದ ಬರದಂಗಾತು" ಎಂದು ಹೆಬ್ಬೆಟ್ಟು ಒತ್ತಿದಳು. ಆದರೆ ಮರುದಿನ ರಾತ್ರಿ ಗೃಹಪ್ರವೇಶವೊಂದರ ಊಟಕ್ಕೆ ಇನ್ನೂರು ರೊಟ್ಟಿ ಒಪ್ಪಿಕೊಂಡಿದ್ದೆವು. ಕಾಗದವನ್ನು ಮಗುಚಿ, "ಕಾರಣ ಸಮರ್ಪಕವಾಗಿಲ್ಲ, ನಾಮಂಜೂರು" ಎಂದು ಬರೆದೆ. ಅರ್ಥ ಕೇಳಿದಳು, ಹೇಳಿದೆ. ಕಾಗದವನ್ನು ಹಿಂದೆ ಮುಂದೆ ತಿರುವಿದಳು. "ಬರದಾವ್ರೂ ನೀವ, ಇಲ್ಲ ಅನ್ನಾವ್ರೂ ನೀವ. ಮತ್ತ ನಾ ಯಾರಿಗೆ ಕೇಳಿದ್ನಿರೀ?" ಎಂದಳು. ಅದನ್ನು ಉದ್ಧಟತನವೆಂದು ಆಗ ಭಾವಿಸಿದೆ.

ಮರುದಿನದ ಸಂಗತಿ ನಿನಗೆ ಗೊತ್ತು. ಮಧ್ಯಾಹ್ನ ಒಂದಕ್ಕೆ, ಆ ಮನೆಯವರಿಗೆ ಸೂತಕ ಬಂದು ಗೃಹಪ್ರವೇಶ ಮುಂದೆ ಹೋಯಿತೆಂದು ಫೋನು ಬಂದಿದೆ ಎಂದು ನಾನೇ ಅಡುಗೆಮನೆಗೆ ಬಂದು ತಿಳಿಸಿದೆ. ಹನುಮವ್ವಳನ್ನು ನಾನೇ ಬಸ್ ನಿಲ್ದಾಣದವರೆಗೆ ಬಿಟ್ಟೆ. ಇದು ನನ್ನ ಪರವಾಗಿ ದಾಖಲಾಗಬೇಕು. ಬೆಳಿಗ್ಗೆ ಹುಟ್ಟಿದ ಕೂಸು ಮೂರಕ್ಕೆ ತೀರಿಕೊಂಡಿತು. ಅವಳು ವೈಜಾಪುರ ಮುಟ್ಟಿದ್ದು ಐದಕ್ಕೆ. ಕೂಸಿನ ಮುಖ ಬಟ್ಟೆಯೊಳಗೆ ಹೋಗಿತ್ತು.

ಒಂಬತ್ತನೆಯ ದಿನ ಅವಳು ಬಂದು ಹಿಟ್ಟು ನಾದುವ ತನ್ನ ಕೊಣಮಿಗೆಯನ್ನು ಎತ್ತಿಕೊಂಡಳು. ಹೇಳದೆ ಕೇಳದೆ ಹೊರಟೆಯಾ ಎಂದೆ. "ಬಿಟ್ಟ್ ಹೋಗಾಕೂ ಅರ್ಜಿ ಬೇಕೇನ್ರೀ?" ಎಂದಳು. ಅವಳ ಹಿಂದೆಯೇ ನೀನೂ ಚೀಲ ಹಿಡಿದು ನಿಂತೆ. "ನಿಮ್ಮ ಅಕ್ಷರ ಭಾಳ ಚಂದ ಅದಾವ. ಇನ್ನ ಅವುರ ಜೋಡೀನ ಸಂಸಾರ ಮಾಡ್ರಿ" ಎಂದು ನೀನು ನನಗೆ ಹೇಳಿದೆ. ನಲವತ್ತೆರಡು ವರ್ಷದ ದಾಂಪತ್ಯಕ್ಕೆ ಇದು ತಕ್ಕ ಮಾತೇ?

ಆದಕಾರಣ, ಹನುಮವ್ವಳನ್ನು ಕಳುಹಿಸಿಕೊಡಬೇಕೆಂದೂ, ಅವಳ ಮಟ್ಟಿಗೆ ಅರ್ಜಿಯ ನಿಯಮವನ್ನು ಸಡಿಲಿಸಲು ಸಿದ್ಧನಿದ್ದೇನೆಂದೂ, ಅವಳೊಂದಿಗೆ ನೀನೂ ಬರುವುದಾದರೆ ನನ್ನ ಅಭ್ಯಂತರವಿಲ್ಲವೆಂದೂ ಪ್ರಾರ್ಥನೆ.

ಇಂತಿ,
ರೇವಣಪ್ಪ
(ಸ್ವಹಸ್ತಾಕ್ಷರ)

ತಾ.ಕ.: ಇದನ್ನು ಹನುಮವ್ವಳಿಗೆ ಓದಿ ಹೇಳು. ಫೋನು ಬಂದದ್ದು ಒಂದಕ್ಕಲ್ಲ, ಬೆಳಿಗ್ಗೆ ಎಂಟಕ್ಕೆ. ನಾನು ಅಡುಗೆಮನೆಯ ಬಾಗಿಲವರೆಗೆ ಬಂದೆ. ಅವಳು ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಆದೇಶ ಬರೆದಾಗಿತ್ತು; ಹೇಳಿದ್ದರೆ ಅದನ್ನು ಹೊಡೆದುಹಾಕಬೇಕಾಗುತ್ತಿತ್ತು. ತಿರುಗಿ ಹೋಗಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೆ. ಎಂಟೂವರೆಯ ವೈಜಾಪುರದ ಬಸ್ಸು ನಮ್ಮ ಬಾಗಿಲ ಮುಂದೆಯೇ ಹೋಯಿತು. ಇದನ್ನು ಕೇಳಿದ ಮೇಲೆ ಅವಳು ಬರಲಾರಳು, ನೀನೂ ಬರಲಾರೆ ಎಂಬುದನ್ನು ಬಲ್ಲೆ.

ಲಗತ್ತು: ಹನುಮವ್ವಳ ರಜಾ ಅರ್ಜಿ, ಹೆಬ್ಬೆಟ್ಟಿನ ಗುರುತು ಸಹಿತ, ಮೂಲ ಪ್ರತಿ, ೧. ಹಿಂಬದಿಯಲ್ಲಿ ಒಂದು ಸಾಲು ಹೊಡೆದುಹಾಕಿದೆ.